ಊರುಗೋಲಿನ ಪೆನ್ನು

ಕಾಂಪೌಂಡರ ಮನೆಗೆ ಆ ಊರುಗೋಲು ಬಂದು ವಾರಗಳೇ ಆಗಿದ್ದವು. ಅದನ್ನು ಕುಯ್ಯುವುದಕ್ಕೆ ಮಾತ್ರ ಅವರಿಗೆ ಕೈ ಬಂದಿರಲಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಮೂಲ.

ದಿನವೂ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹಿತ್ತಲ ಕೋಣೆಗೆ ಹೋಗುವರು. ಕೋಲನ್ನು ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ ಗರಗಸ ಎತ್ತುವರು. ಹಲ್ಲು ಮರಕ್ಕೆ ತಾಗುವ ಮೊದಲೇ ಕಣ್ಣು ಮಂಜಾಗುವುದು. "ನಾಳೆ ಮಾಡಿದರಾಯಿತು" ಎಂದುಕೊಂಡು ಕೋಲನ್ನು ಬಿಚ್ಚಿ, ಹಳೆಯ ಹೊದಿಕೆಯಲ್ಲಿ ಸುತ್ತಿ, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ ಮೂಲೆಯಲ್ಲಿ ಮಲಗಿಸುವರು. ಹೀಗೆ ನಾಳೆಗಳೆಲ್ಲ ಖರ್ಚಾಗಿ, ಈಗ ಉಳಿದದ್ದು ಇವತ್ತು ಒಂದೇ.

ಕಾಂಪೌಂಡರು ಔಷಧ ಬೆರೆಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಡಾಕ್ಟರು ತೀರಿಕೊಂಡು ಆಸ್ಪತ್ರೆ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಆ ಹೆಸರು ಮತ್ತು ಅಳತೆ ಮಾಡುವ ಚಟ. ಚಟ ತೀರಿಸಲು ಮರ ಕಡೆಯುವ ಯಂತ್ರವೊಂದನ್ನು ಕೊಂಡು, ಮರದಲ್ಲಿ ಮಸಿಪೆನ್ನು ಮಾಡಲು ಕಲಿತರು. ಮಾರುತ್ತಿರಲಿಲ್ಲ, ಕೊಡುತ್ತಿದ್ದರು. ಮದುವೆಯಾದವರಿಗೆ ಒಂದು, ಪಾಸಾದವರಿಗೆ ಒಂದು, ಫೇಲಾದವರಿಗೆ ಸಮಾಧಾನಕ್ಕೆ ಒಂದು. ಬೀದಿಯಲ್ಲಿ ಅವರ ಪೆನ್ನಿನಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ನೋಡುವುದಕ್ಕೆ ಪೆನ್ನು ಚೆಂದ. ಜೇಬಿನಲ್ಲಿಟ್ಟುಕೊಂಡರೆ ಮಾತ್ರ ಸಂಜೆಯೊಳಗೆ ಎದೆಯ ಮೇಲೆ ಒಂದು ನೀಲಿ ದ್ವೀಪ ಏಳುತ್ತಿತ್ತು. ಆದ್ದರಿಂದ ಜನ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಗೌರವಿಸುತ್ತಿದ್ದರು.

ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದವರು ಒಬ್ಬರೇ, ಭೂಗೋಳದ ಮೇಷ್ಟ್ರು. "ಇವತ್ತಿನ ಕಲೆ ನೋಡಿದಿರಾ ಕಾಂಪೌಂಡರೇ? ಥೇಟ್ ಆಸ್ಟ್ರೇಲಿಯಾ! ದಕ್ಷಿಣದಲ್ಲಿ ಆ ಚಿಕ್ಕ ದ್ವೀಪ ಸಮೇತ ಬಿದ್ದಿದೆ" ಎಂದು ಅಂಗಿ ಎಳೆದು ತೋರಿಸುವರು. ಸಂಜೆಯಾದರೆ ಇಬ್ಬರೂ ಕಾಂಪೌಂಡರ ಮನೆಯ ಮೆಟ್ಟಿಲ ಮೇಲೆ ಕೂರುವರು. ಒಬ್ಬರು ಮಾತಾಡುವರು, ಒಬ್ಬರು ಕೇಳುವರು. ಯಾರು ಯಾವುದು ಎಂಬುದು ಆ ದಿನ ಯಾರಿಗೆ ಕೆಮ್ಮು ಹೆಚ್ಚು ಎಂಬುದರ ಮೇಲೆ. ಮಳೆ ಹಿಡಿಯುವ ಮುಂಚೆ ಮೇಷ್ಟ್ರು ಹೋಗಿಬಿಟ್ಟರು. ಭಗವಂತ ಒಳ್ಳೆಯವರನ್ನು ಕರೆದುಕೊಳ್ಳುವಾಗ ಪಕ್ಕದಲ್ಲಿ ಕೂತವರನ್ನು ಒಂದು ಮಾತು ಕೇಳುವುದಿಲ್ಲ.

ಮೇಷ್ಟ್ರ ಹೆಂಡತಿ ಅದೇ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತಿಯಾದವರು. ಬೀದಿಗೆ ಬೀದಿಯೇ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದು. ಅವರೇ ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಕೋಲನ್ನು ತಂದು ಕಾಂಪೌಂಡರ ಕೈಯಲ್ಲಿಟ್ಟು ಹೇಳಿದ್ದರು:

"ಕಾಂಪೌಂಡರೇ, ಇದರಲ್ಲಿ ಒಂದು ಪೆನ್ನು ಮಾಡಿಕೊಡಿ. ಮೇಷ್ಟ್ರ ಪುಸ್ತಕ ಎಲ್ಲಾ ಶಾಲೆಗೆ ಕೊಡ್ತಾ ಇದ್ದೀನಿ. ಜೊತೆಗೆ ಅವರ ನೆನಪಿಗೆ ಒಂದು ಪೆನ್ನೂ ಇರಲಿ. ಕೆಲಸ ನೀಟಾಗಿರಬೇಕು. ಸೋರಬಾರದು."

ಬಟ್ಟೆ ಸರಿಸಿ ಕೋಲನ್ನು ಕಂಡದ್ದೇ ಕಾಂಪೌಂಡರ ಕಣ್ಣಲ್ಲಿ ನೀರು ನಿಂತಿತು. ಅದೇ ಕಪ್ಪು, ಅದೇ ಉದ್ದ, ಅದೇ ಹಿತ್ತಾಳೆಯ ಉಂಗುರ. "ಆಗಲಿ ಅಮ್ಮ" ಎಂದರು. ಲೋಕದಲ್ಲಿ ಗೆಳೆಯನದೆಂದು ಉಳಿದಿರುವುದು ಇದೊಂದು. ಇದನ್ನು ಕೆಡಿಸಿದರೆ ಇನ್ನೊಂದಿಲ್ಲ.

ಇವತ್ತು ಸಂಜೆ ಶಾಲೆಯಲ್ಲಿ ಸಭೆ.

"ಇವತ್ತಾದ್ರೂ ಕುಯ್ತೀಯೇನೋ, ಇಲ್ಲಾ ಅದಕ್ಕೂ ಒಂದು ಹಾಸಿಗೆ ಹಾಸ್ಲೋ?" ಎಂದರು ಅಕ್ಕ, ಕೋಣೆಯ ಬಾಗಿಲಲ್ಲಿ ನಿಂತು. ವಿಧವೆಯಾದ ಮೇಲೆ ತಮ್ಮನ ಮನೆಗೆ ಬಂದು, ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮನೆಯನ್ನೂ ತಮ್ಮನನ್ನೂ ಹಿಡಿತದಲ್ಲಿಟ್ಟುಕೊಂಡಿದ್ದವರು.

"ಕುಯ್ತೀನಕ್ಕ."

"ಕುಯ್ಯೋ ಮುಖ ಅಲ್ಲ ಅದು. ಕುಯ್ಯಿಸ್ಕೊಳ್ಳೋ ಮುಖ."

ಕಾಂಪೌಂಡರು ಗೋಡೆಯ ಮೇಲಿನ ದೇವರ ಪಟದ ಕಡೆ ನೋಡಿ, ಕಣ್ಣು ಮುಚ್ಚಿ ಗರಗಸ ಆಡಿಸಿದರು. ಕೋಲು ಕುಂಯ್ ಎಂದಿತು. ಕಾಂಪೌಂಡರೂ ಕುಂಯ್ ಎಂದರು. ಒಂದು ಪೆನ್ನಿಗಾಗುವಷ್ಟು ತುಂಡು ಕೆಳಗೆ ಬಿತ್ತು. ಬಂದ ಧೈರ್ಯ ಹೋಗುವ ಮುಂಚೆ ಉಳಿದದ್ದನ್ನೂ ಹಿಡಿಯವರೆಗೆ ಕುಯ್ದು ಒಟ್ಟು ನಾಲ್ಕು ತುಂಡು ಮಾಡಿದರು.

ಪೆನ್ನಿನ ಕೆಲಸದಲ್ಲಿ ಮೊದಲು ತುಂಡಿನ ನಡುವೆ ಉದ್ದಕ್ಕೂ ತೂತು ಕೊರೆಯಬೇಕು, ಆಮೇಲೆ ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಬೇಕು, ಆಮೇಲೆ ಯಂತ್ರಕ್ಕೆ ಕಟ್ಟಿ ಕಡೆಯಬೇಕು. ಬೈರಿಗೆ ಇಟ್ಟರು. ಒಣ ಮರವಾದರೆ ಪುಡಿ ಉದುರಬೇಕು. ಇದರಿಂದ ಒದ್ದೆ ಸುರುಳಿ ಹೊರಗೆ ಬಂದು ಬೈರಿಗೆಗೆ ಸುತ್ತಿಕೊಂಡಿತು. ಇಷ್ಟು ವರ್ಷದ ಕೋಲು ಒಳಗೆ ಹಸಿ! ಬೇರೆ ಯಾರ ಕೋಲಾದರೂ ಕಾಂಪೌಂಡರು ಅಲ್ಲಿಗೇ ಕೆಲಸ ನಿಲ್ಲಿಸುತ್ತಿದ್ದರು. ಇದು ಮೇಷ್ಟ್ರ ಕೋಲು. "ಪಾಪ, ರಸ್ತೆಯ ಹೊಂಡ ಕಂಡಲ್ಲೆಲ್ಲ ಎಷ್ಟು ಆಳ ಇದೆ ಅಂತ ಅದ್ದಿ ನೋಡ್ತಿದ್ದರು. ಎಷ್ಟು ನೀರು ಕುಡಿದಿದೆಯೋ" ಎಂದು ಮರುಗುತ್ತ ಕೊರೆದರು. ತುಂಡು ಟಪ್ಪೆಂದು ಎರಡು ಹೋಳಾಯಿತು.

ಎರಡನೆಯದನ್ನು ಉಸಿರು ಬಿಗಿಹಿಡಿದು ಕೊರೆದರು. ಕೊಳವೆಯೂ ಕೂತಿತು. ಯಂತ್ರಕ್ಕೆ ಕಟ್ಟಿ ಉಳಿ ತಾಗಿಸಿದರು. ತುಂಡು ಒಂದು ಗಳಿಗೆ ಯೋಚಿಸಿತು; ಆಮೇಲೆ ಬಾಯಿ ಬಿಟ್ಟು, ಕೊಳವೆಯನ್ನು ಅಲ್ಲೇ ಬಿಟ್ಟು, ಶಾಲೆ ಬಿಟ್ಟ ಹುಡುಗನ ಹಾಗೆ ಕಿಟಕಿಯಿಂದ ಹಾರಿ ಪಕ್ಕದ ಮನೆಯ ಅಂಗಳಕ್ಕೆ ಹೋಯಿತು.

ಪಕ್ಕದ ಮನೆ ದಫೇದಾರರದು. ಪೋಲೀಸು ಕೆಲಸದಿಂದ ಅವರು ನಿವೃತ್ತಿಯಾಗಿದ್ದರು, ಕೆಲಸ ಅವರಿಂದ ನಿವೃತ್ತಿಯಾಗಿರಲಿಲ್ಲ. ಹಣೆ ಉಜ್ಜಿಕೊಳ್ಳುತ್ತ, ತುಂಡನ್ನು ಕರವಸ್ತ್ರದಲ್ಲಿ ಹಿಡಿದು ಬಂದರು.

"ಯಾರು ಹೊಡೆದದ್ದು ಇದನ್ನ?"

"ಹೊಡೆದದ್ದಲ್ಲ ದಫೇದಾರರೇ, ಹಾರಿದ್ದು."

"ಎಲ್ಲಾರೂ ಹಾಗೇ ಹೇಳೋದು." ದಫೇದಾರರು ನೆಲದ ಮೇಲಿನ ಹೋಳುಗಳನ್ನು ಸುತ್ತು ಹಾಕಿ ನೋಡಿದರು. "ಇದು ಮೇಷ್ಟ್ರ ಕೋಲಲ್ವಾ? ಅಯ್ಯೋ ದೇವರೇ, ಏನು ಗತಿ ಮಾಡಿದ್ದೀರಿ! ಹೆಡ್‌ಮಿಸ್ಸಿಗೆ ಗೊತ್ತಾ?"

"ಹೇಳ್ಬೇಡಿ, ನಿಮ್ಮ ದಮ್ಮಯ್ಯ."

"ನಾನ್ಯಾಕೆ ಹೇಳಲಿ? ಅವರ ಮುಂದೆ ಬಾಯಿ ಬಿಡೋ ಧೈರ್ಯ ನನಗೆ ನಾಲ್ಕನೇ ಕ್ಲಾಸಿನಿಂದ್ಲೂ ಇಲ್ಲ." ಹೀಗೆಂದು ದಫೇದಾರರು ಒಂದು ಸ್ಟೂಲು ಎಳೆದುಕೊಂಡು ಕೂತರು. ಸಹಾಯ ಮಾಡುವವರು ಕೂತರೆ ಏಳುವುದಿಲ್ಲ.

ಅಷ್ಟರಲ್ಲಿ ಇಸ್ತ್ರಿಯವನು ಸಂಜೆಗೆ ಹಾಕಿಕೊಳ್ಳುವ ಅಂಗಿ ತಂದ. ಸಂಗತಿ ಕೇಳಿ ನಕ್ಕ. "ಒದ್ದೆ ತಾನೇ ಸ್ವಾಮಿ? ಅದಕ್ಕೆ ಯಾಕೆ ಇಷ್ಟು ಪೇಚಾಟ? ಒದ್ದೆ ತೆಗೆಯೋದೇ ನನ್ನ ಕಸುಬು. ಕೊಡಿ ಇಲ್ಲಿ."

ಕಾಂಪೌಂಡರು ಬೇಡವೆನ್ನುವ ಮುಂಚೆ ದಫೇದಾರರು ಮೂರನೆಯ ತುಂಡನ್ನು ಅವನ ಕೈಗೆ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಅವನು ಹಿಂತಿರುಗಿ ಬಂದು, ಬಾಳೆಹಣ್ಣಿನ ಹಾಗೆ ಬಾಗಿದ್ದ ಒಂದು ವಸ್ತುವನ್ನು ಮೇಜಿನ ಮೇಲಿಟ್ಟ. "ಒದ್ದೆ ಪೂರ್ತಿ ಹೋಯ್ತು" ಎಂದ. "ಸ್ವಲ್ಪ ಮಡಿಕೆ ಬಿತ್ತು."

"ಗಂಡಸರು ಮಾಡೋ ಕೆಲಸವೇ ಇಷ್ಟು" ಎಂದು ಅಕ್ಕ ಉಳಿದ ಕೊನೆಯ ತುಂಡನ್ನು ಕಸಿದುಕೊಂಡು ಹೋಗಿ, ಒಲೆಯ ಮೇಲೆ ಕಾವಲಿ ಇಟ್ಟು, ಸಣ್ಣ ಉರಿಯಲ್ಲಿ ಹೊರಳಿಸಿ ಹೊರಳಿಸಿ ಬಿಸಿ ಮಾಡತೊಡಗಿದರು. ಮರ ಮೆಲ್ಲಗೆ ಒಣಗುತ್ತಿತ್ತು. ಕಾಂಪೌಂಡರಿಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಬೀದಿಯ ಬಾಗಿಲು ಬಡಿದ ಸದ್ದು, ಹಿಂದೆಯೇ "ಕಾಂಪೌಂಡರೇ!" ಎಂಬ ಗುರುತಿನ ದನಿ.

ಹೆಡ್‌ಮಿಸ್!

ದಫೇದಾರರು ಸ್ಟೂಲಿನಿಂದ ಎದ್ದು ಬಾಗಿಲ ಹಿಂದೆ ನಿಂತರು. ಇಸ್ತ್ರಿಯವನು ಹಿತ್ತಲ ಗೋಡೆ ಹಾರಿದ. ಕಾಂಪೌಂಡರು ಹೋಳುಗಳ ಮೇಲೆ ಅಂಗಿ ಹಾಸಿ, ಅದರ ಮೇಲೆ ತಾವೇ ಕೂತರು. ಬಾಗಿಲು ತೆರೆಯಲು ಅಕ್ಕನೇ ಹೋಗಬೇಕಾಯಿತು.

"ಆಯ್ತಾ ಅಂತ ಕೇಳಿ ಹೋಗೋಣ ಅಂತ ಬಂದೆ."

"ಆಗ್ತಾ ಇದೆ ಮಿಸ್. ಇನ್ನೇನು ಹೊಳಪು ಕೊಡೋದೊಂದು ಬಾಕಿ" ಎಂದರು ಅಕ್ಕ.

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?"

"ಅಡುಗೆ ಮಿಸ್."

"ಈ ವಾಸನೆ ಬರೋ ಅಡುಗೆ ನನಗೆ ಗೊತ್ತಿಲ್ಲ" ಎಂದು ಹೆಡ್‌ಮಿಸ್ ಮೂಗಿಗೆ ಸೆರಗು ಹಿಡಿದು, ಪೆನ್ನಿನ ನಿಬ್ಬು ಹೇಗಿರಬೇಕು, ಮುಚ್ಚಳ ಹೇಗೆ ಕೂರಬೇಕು ಎಂದು ಅಲ್ಲೇ ನಿಂತು ಒಂದು ಪಾಠ ಮಾಡಿ ಹೋದರು. ಪಾಠ ಮುಗಿಯುವ ಹೊತ್ತಿಗೆ ಕಾವಲಿಯ ಮೇಲೆ ಇದ್ದದ್ದು ಒಂದು ಇದ್ದಿಲು.

ಕೋಲಿನಲ್ಲಿ ಇನ್ನು ಉಳಿದದ್ದು ಹಿಡಿ. ಅದು ಕೊಕ್ಕೆಯ ಹಾಗೆ ಡೊಂಕು. ಅದರಲ್ಲಿ ಪೆನ್ನು ಆಗುವುದಿಲ್ಲ. ಕಾಂಪೌಂಡರು ಆ ಹಿಡಿಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಮೇಷ್ಟ್ರು ಒಂದು ಸಲ ಸತ್ತಿದ್ದರು. ಈಗ ತಾನು ಅವರನ್ನು ಇನ್ನೂ ನಾಲ್ಕು ಸಲ ಕೊಂದ ಹಾಗಾಯಿತು. ಕುಯ್ದು ಒಂದು, ಸೀಳಿ ಒಂದು, ಬಗ್ಗಿಸಿ ಒಂದು, ಸುಟ್ಟು ಒಂದು. "ದೇವರೇ, ನನ್ನನ್ನೇ ಕರೆದುಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮೇಷ್ಟ್ರು ನನ್ನ ಪೆನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ಇರುತ್ತಿದ್ದರು" ಎಂದು ಗೊಣಗಿದರು. ಅಕ್ಕ ಕಾವಲಿಯನ್ನು ಒಲೆಯಿಂದ ಇಳಿಸಿದರು.

ದಫೇದಾರರು ಹೊರಗೆ ಹೋದರು. ಹೋದವರು ಬಂದರು. ಬರುವಾಗ ಕೈಯಲ್ಲಿ ದೊಣ್ಣೆ ಇತ್ತು.

"ಕಾಂಪೌಂಡರೇ, ಇದನ್ನ ಕುಯ್ಯಿರಿ."

"ಏನಿದು?"

"ನನ್ನ ಡ್ಯೂಟಿ ದೊಣ್ಣೆ. ಅದೇ ಕಪ್ಪು. ಒಣಗಿ ಕಲ್ಲಾಗಿದೆ. ಎಷ್ಟು ಬೆನ್ನು ನೋಡಿದೆ ಗೊತ್ತಾ? ಒಂದು ಸೀಳು ಬಿಟ್ಟಿಲ್ಲ, ಬೆನ್ನುಗಳೇ ಬಿಟ್ಟದ್ದು."

"ಶಿವನೇ! ಇರುವೆ ಕಂಡರೆ ದಾಟಿ ನಡೀತಿದ್ದ ಮನುಷ್ಯನ ಹೆಸರಲ್ಲಿ ಈ ದೊಣ್ಣೆಯ ಪೆನ್ನು ಕೊಡಲಾ? ಸುಳ್ಳು ಹೇಳಲಾ?"

"ನಿಮ್ಮನ್ನ ಯಾರು ಹೇಳು ಅಂದ್ರು? ಸುಮ್ಮನೆ ಕೊಡಿ. ಸುಳ್ಳು ಹೇಳೋದು ಬೇರೆ, ನಿಜ ಹೇಳದೇ ಇರೋದು ಬೇರೆ. ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಿದೋನು, ನನಗೆ ಗೊತ್ತು."

ಕಾಂಪೌಂಡರು ಅಕ್ಕನ ಮುಖ ನೋಡಿದರು. "ಆಯಮ್ಮ ಗಂಡನ ನೆನಪು ಅಂತ ಕಾಯ್ತಾ ಕೂತಿರ್ತಾಳೆ ಕಣೋ" ಎಂದರು ಅಕ್ಕ ಮೆಲ್ಲಗೆ. "ಅವಳ ಕೈಗೆ ಇದ್ದಿಲು ಕೊಡ್ತೀಯಾ?"

ಕಾಂಪೌಂಡರು ದೇವರ ಪಟಕ್ಕೆ ಬೆನ್ನು ಹಾಕಿ ನಿಂತು ದೊಣ್ಣೆ ಕುಯ್ದರು.

ಅದೇನು ಮರವೋ! ಬೈರಿಗೆಯಿಂದ ಪುಡಿ ನಶ್ಯದ ಹಾಗೆ ಉದುರಿತು. ಕೊಳವೆ ಹಾಸಿಗೆಯಲ್ಲಿ ಮಲಗಿದ ಹಾಗೆ ಕೂತಿತು. ಉಳಿ ತಾಗಿದರೆ ಬೆಣ್ಣೆ. ಉಪ್ಪುಕಾಗದ ಉಜ್ಜಿ ಮೇಣ ಹಚ್ಚಿದಾಗ ಪೆನ್ನು ಕಪ್ಪಗೆ ಮಿರಮಿರ ಮಿಂಚಿತು. ಮಸಿ ತುಂಬಿ, ತಲೆಕೆಳಗು ಹಿಡಿದು, ಝಾಡಿಸಿದರು. ಒಂದು ಹನಿ ಸೋರಲಿಲ್ಲ. ಅವರು ಕಡೆದ ಪೆನ್ನುಗಳಲ್ಲಿ ಸೋರದ ಮೊದಲ ಪೆನ್ನು ಅದು. ಅದನ್ನು ನೋಡಿ ಕಾಂಪೌಂಡರಿಗೆ ದುಃಖ ಇಮ್ಮಡಿಯಾಯಿತು.

ಶಾಲೆಯ ಹಜಾರದಲ್ಲಿ ಮೇಷ್ಟ್ರ ಪಟ, ಪುಸ್ತಕಗಳ ರಾಶಿ, ಬೆಂಚುಗಳ ತುಂಬ ಹಳೆಯ ವಿದ್ಯಾರ್ಥಿಗಳು. ಹೆಡ್‌ಮಿಸ್ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರು, ಮುಚ್ಚಳ ತೆಗೆದು ಹಾಕಿದರು, ಮೊದಲ ಪುಸ್ತಕದ ಒಳಪುಟದಲ್ಲಿ ಗಂಡನ ಹೆಸರು ಬರೆದರು. ಮಸಿ ಸರಾಗವಾಗಿ ಹರಿಯಿತು. ಅವರು ಯಾರ ಮುಂದೆಯೂ ಅತ್ತವರಲ್ಲ. ಅವತ್ತು ಕನ್ನಡಕ ತೆಗೆದು ಒರೆಸಿಕೊಂಡರು. ಹಜಾರದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವರು ಕಾಂಪೌಂಡರು. "ಎಂಥಾ ಸ್ನೇಹ ನೋಡಿ!" ಎಂದು ಹಿಂದಿನ ಬೆಂಚಿನವರು ಮಾತಾಡಿಕೊಂಡರು. ದಫೇದಾರರು ಅವರ ಬೆನ್ನು ತಟ್ಟುತ್ತ, "ಸಾಕು ಬಿಡಿ, ಹೆಚ್ಚಾಯ್ತು" ಎಂದು ಕಿವಿಯಲ್ಲಿ ಹೇಳಿದರು.

ಸಭೆ ಮುಗಿದು ಜನ ಚದುರಿದ ಮೇಲೆ ಕಾಂಪೌಂಡರಿಗೆ ತಡೆಯಲಾಗಲಿಲ್ಲ. ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚುವುದು ಹೇಗೆ? ಹೆಡ್‌ಮಿಸ್ ಮುಂದೆ ಹೋಗಿ ನಿಂತರು.

"ಅಮ್ಮ, ನಿಮ್ಮ ಹತ್ತಿರ ಒಂದು ಮಾತು..."

"ನಾನೇ ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು. ಕೂತ್ಕೊಳ್ಳಿ." ಕಾಂಪೌಂಡರು ಹುಡುಗರ ಬೆಂಚಿನಲ್ಲಿ ಕೂತರು. "ಆ ಕೋಲು ಕೊಂಡಾಗ ಅಂಗಡಿಯವನೇ ಹೇಳಿದ್ದ. ಹಸಿಮರ ಅಮ್ಮ, ಬಣ್ಣ ಬಳಿದಿದ್ದೀವಿ ಅಷ್ಟೆ, ಕುಯ್ದರೆ ಸೀಳುತ್ತೆ ಅಂತ. ಅಂಥಾ ದರಿದ್ರ ಮರದಲ್ಲಿ ಇಂಥಾ ಪೆನ್ನು ಮಾಡಿದ್ದೀರಲ್ಲ!"

"ಅಂಗಡಿಯವನೇ?" ಎಂದರು ಕಾಂಪೌಂಡರು. ಧ್ವನಿ ಬೇರೆ ಯಾರದೋ ಇದ್ದ ಹಾಗಿತ್ತು. "ಅದು... ಮೇಷ್ಟ್ರ ಕೋಲಲ್ಲವೇ?"

"ಅವರದು ಅಂತ ನಾನು ಯಾವಾಗ ಹೇಳ್ದೆ? ಒಳ್ಳೇ ಕತೆ! ಪರೀಕ್ಷೆ ಮಾಡದೆ ಅವರ ಕೋಲು ನಿಮ್ಮ ಕೈಗೆ ಕೊಡ್ತೀನಾ? ನೀವು ಕೊಟ್ಟ ಪೆನ್ನು ಇಟ್ಟುಕೊಂಡು ಅವರ ಅಂಗಿಗಳೆಲ್ಲ ಏನಾಯ್ತು ಅಂತ ಒಗೆದವಳು ನಾನು. ಅದಕ್ಕೇ ಅದೇ ಉದ್ದ, ಅದೇ ದಪ್ಪ ನೋಡಿ ಒಂದು ತಂದು ಕೊಟ್ಟೆ. ಶಾಲೆಗೂ ಒಂದು ಪೆನ್ನು ಆಯ್ತು, ನಿಮ್ಮ ಕೈಯನ್ನೂ ನೋಡಿದ ಹಾಗಾಯ್ತು."

ಕಾಂಪೌಂಡರಿಗೆ ಮೊದಲು ಸಂತೋಷವಾಯಿತು: ಮೇಷ್ಟ್ರ ಕೋಲು ಎಲ್ಲೋ ನೆಟ್ಟಗಿದೆ. ಮರುಕ್ಷಣ ನಾಚಿಕೆಯಾಯಿತು: ಇಷ್ಟು ವಾರ ತಾನು ಹೊದಿಸಿ ಮಲಗಿಸಿ ಅತ್ತದ್ದು ಅಂಗಡಿಯ ಕೋಲಿಗೆ. ಗೆಳೆಯನ ಕೈಯಲ್ಲಿ ದಿನವೂ ನೋಡಿದ ಕೋಲು ಯಾವುದೆಂದು ತನಗೆ ಗೊತ್ತಾಗಲಿಲ್ಲ! ಅಷ್ಟರಲ್ಲಿ ಹೆಡ್‌ಮಿಸ್ ಬೀರುವಿನ ಹಿಂದಿನಿಂದ ಒಂದು ಉದ್ದನೆಯ ಗಂಟು ತೆಗೆದು ಅವರ ತೊಡೆಯ ಮೇಲಿಟ್ಟರು.

"ತಗೊಳ್ಳಿ. ಇದು ಅವರದು. ಇನ್ನು ನನಗೆ ಭಯವಿಲ್ಲ. ನನಗೊಂದು, ಮಗನಿಗೊಂದು, ಮಗಳಿಗೊಂದು ಪೆನ್ನು ಮಾಡಿ. ಮಕ್ಕಳು ಭಾನುವಾರ ಬರ್ತಾರೆ, ಉಡುಗೊರೆ ಕೊಡಬೇಕು. ಒಂದು ಚೂರೂ ದಂಡವಾಗಬಾರದು. ನನ್ನ ಹತ್ತಿರ ಇರೋದು ಇದೊಂದೇ."

ಕೋಲಿನ ಹಿಡಿ ಮೇಷ್ಟ್ರ ಅಂಗೈಯ ಆಕಾರಕ್ಕೆ ಸವೆದು ನುಣ್ಣಗಾಗಿತ್ತು. ಅದನ್ನು ಮುಟ್ಟಿದ ಕಾಂಪೌಂಡರು ಬೆಂಕಿ ಮುಟ್ಟಿದವರಂತೆ ಎದ್ದು ನಿಂತರು.

"ಬೇಡಮ್ಮ! ನಾನು ಪಾಪಿ. ಆ ಪೆನ್ನು ನೀವು ಕೊಟ್ಟ ಕೋಲಿನದಲ್ಲ. ಆ ಕೋಲನ್ನೆಲ್ಲ ಹಾಳು ಮಾಡಿದೆ. ಅದು ದಫೇದಾರರ ದೊಣ್ಣೆ!"

ಹೆಡ್‌ಮಿಸ್ ಬಾಗಿಲಲ್ಲಿ ಕಾಯುತ್ತಿದ್ದ ದಫೇದಾರರ ಕಡೆ ನಿಧಾನವಾಗಿ ತಿರುಗಿದರು. "ದಫೇದಾರಾ, ಬಾ ಇಲ್ಲಿ."

ದಫೇದಾರರು ಬಂದು ಕೈ ಕಟ್ಟಿ ನಿಂತರು.

"ಕಾಂಪೌಂಡರು ಹೇಳೋದು ನಿಜವಾ?"

ದಫೇದಾರರು ಎಷ್ಟೋ ಕಳ್ಳರ ಬಾಯಿಂದ ನಿಜ ಹೊರಡಿಸಿದವರು. ಹೆಡ್‌ಮಿಸ್ ಕಣ್ಣು ತಮ್ಮ ಕಿವಿಯ ಮೇಲೆ ಬಿದ್ದದ್ದನ್ನು ನೋಡಿ ಕಟ್ಟಿದ್ದ ಕೈ ಬಿಚ್ಚಿ ಕಿವಿ ಮುಚ್ಚಿಕೊಂಡರು. "ಇಲ್ಲ ಮಿಸ್" ಎಂದರು. "ನನ್ನ ದೊಣ್ಣೆ ಮನೇಲಿದೆ. ಪಾಪ, ಇವರಿಗೆ ದುಃಖದಲ್ಲಿ ತಲೆ ನಿಂತಿಲ್ಲ. ಬೆಳಿಗ್ಗೆಯಿಂದ ಹೀಗೇ ಏನೇನೋ ಮಾತಾಡ್ತಿದ್ದಾರೆ."

"ನನಗೂ ಹಾಗೇ ಅನ್ನಿಸ್ತು" ಎಂದರು ಹೆಡ್‌ಮಿಸ್, ಕರುಣೆಯಿಂದ. "ಇಷ್ಟು ವಿನಯ ಒಳ್ಳೇದಲ್ಲ ಕಾಂಪೌಂಡರೇ. ಮನೆಗೆ ಹೋಗಿ, ಊಟ ಮಾಡಿ, ನಿದ್ದೆ ಮಾಡಿ. ನಾಳೆ ಬೆಳಿಗ್ಗೆ ಕೆಲಸ ಶುರು ಮಾಡಿ."

ಬೀದಿಯಲ್ಲಿ ಕಾಂಪೌಂಡರು ಕೋಲನ್ನು ಮೊದಲು ಕಂಕುಳಲ್ಲಿ ಹಿಡಿದು ನಡೆದರು. ಕತ್ತಲಲ್ಲಿ ರಸ್ತೆಯ ಹೊಂಡಗಳು ಕಾಣುತ್ತಿರಲಿಲ್ಲ. ಕೋಲು ಊರದೆ ಬೇರೆ ದಾರಿ ಇರಲಿಲ್ಲ. ಊರಿದರು. ಟಕ್, ಟಕ್ ಎನ್ನುತ್ತ ಮನೆಯ ಮೆಟ್ಟಿಲು ಹತ್ತಿದರು.

ಒಳಗಿನಿಂದ ಅಕ್ಕ ಕೂಗಿದರು: "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಅವನು ಇನ್ನೂ ಬಂದಿಲ್ಲ."

ಕೂಗಿದ ಅಕ್ಕ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬಂದರು. ತಮ್ಮನನ್ನು ನೋಡಿದರು, ಕೋಲನ್ನು ನೋಡಿದರು. ಕಾಂಪೌಂಡರು ನಡೆದದ್ದನ್ನು ಹೇಳಿದರು.

"ಇದನ್ನೂ ಕುಯ್ಯಬೇಕಾ?"

"ಹೂಂ."

ಅಕ್ಕ ಹಿತ್ತಲ ಕೋಣೆಗೆ ಹೋಗಿ ಗರಗಸವನ್ನು ಎತ್ತಿಕೊಂಡು ಒಳಗೆ ಹೋದರು. ಯಾವುದೋ ಡಬ್ಬದ ಮುಚ್ಚಳ ಬಿದ್ದ ಸದ್ದಾಯಿತು, ಪೆಟ್ಟಿಗೆಯ ಬೀಗ ತಿರುಗಿದ ಸದ್ದಾಯಿತು. ಬರಿಗೈಯಲ್ಲಿ ಬಂದು ತಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತರು. "ಗರಗಸ ಕಳೆದುಹೋಯ್ತು ಅಂತ ಹೇಳು" ಎಂದರು. "ಹುಡುಕೋಕೆ ಹೋಗಬೇಡ."

ಕಾಂಪೌಂಡರು ಕೋಲನ್ನು ಮೇಷ್ಟ್ರು ಕೂರುತ್ತಿದ್ದ ಜಾಗಕ್ಕೆ ಒರಗಿಸಿಟ್ಟರು. ಆ ದಿನ ಮೊದಲ ಬಾರಿಗೆ ನೆಟ್ಟಗೆ ಒಂ‌ದು ಉಸಿರು ಬಿಟ್ಟರು.

ಪಕ್ಕದ ಗೋಡೆಯ ಮೇಲೆ ದಫೇದಾರರ ತಲೆ ಎದ್ದಿತು.

"ಗರಗಸ ಕಳೆದುಹೋಯ್ತಾ ಕಾಂಪೌಂಡರೇ? ಏನೂ ಯೋಚನೆ ಮಾಡ್ಬೇಡಿ! ನನ್ನ ಹತ್ರ ಒಂದಿದೆ, ಹೊಸದು, ಈಗ್ಲೇ ತರ್ತೀನಿ!"